ನಾಲಿಗೆ ಮಡಚುವ ಪ್ರಯೋಗ

ಕಪ್ಪೆ ಮೇಡಂ ಕಪ್ಪೆ ಮುಟ್ಟಿ ಎಷ್ಟೋ ವರ್ಷಗಳಾಗಿದ್ದವು. ಕಪ್ಪೆ ಕೊಯ್ಯುವ ಪಾಠ ಕಾಲೇಜಿನಿಂದಲೇ ಎದ್ದುಹೋಗಿತ್ತು. ಮೇಣ ಹಾಕಿದ ತಟ್ಟೆಗಳು ಪ್ರಯೋಗಾಲಯದ ಬೀರುವಿನ ಮೇಲೆ ಧೂಳು ತಿನ್ನುತ್ತಾ ಬಿದ್ದಿದ್ದವು. ಆದರೆ ಅಡ್ಡಹೆಸರಿಗೆ ನಿವೃತ್ತಿ ಎಂಬುದಿಲ್ಲ. ಕಪ್ಪೆಯ ಹೊಟ್ಟೆಯೊಳಗೆ ಏನಿದೆ ಎಂದು ಕನಸಿನಲ್ಲೂ ನೋಡದ ಈಗಿನ ಮಕ್ಕಳು ಕೂಡ ಆ ಹೆಸರನ್ನು ಹಿರಿಯರಿಂದ ಪಡೆದು, ಜೋಪಾನವಾಗಿ ಕಿರಿಯರಿಗೆ ದಾಟಿಸುತ್ತಿದ್ದರು. ಮೇಡಂಗೆ ಇದು ಗೊತ್ತಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ನಗು ಬರುತ್ತಿತ್ತು, ಈಗ ಎರಡೂ ಬರುತ್ತಿರಲಿಲ್ಲ.

ಅವರ ಪಾಲಿಗೆ ಬಂದಿದ್ದು ವಿಜ್ಞಾನ ಬೇಡವೆಂದು ಬಿಟ್ಟವರಿಗೆ ವಿಜ್ಞಾನ ಕಲಿಸುವ ಕೆಲಸ. ವಾಣಿಜ್ಯ, ಇತಿಹಾಸ, ಸಾಹಿತ್ಯ ಓದುವ ಹುಡುಗ ಹುಡುಗಿಯರು ಪದವಿ ಪಡೆಯಬೇಕಾದರೆ ಒಂದಾದರೂ ವಿಜ್ಞಾನ ವಿಷಯವನ್ನು ಪ್ರಯೋಗ ಸಮೇತ ಪಾಸು ಮಾಡಲೇಬೇಕು ಎಂದು ಯಾರೋ ಪುಣ್ಯಾತ್ಮರು ನಿಯಮ ಮಾಡಿದ್ದರು. ಆ ಪುಣ್ಯಾತ್ಮರು ವಾರಕ್ಕೊಮ್ಮೆ, ಊಟವಾದ ಮೇಲಿನ ಹೊತ್ತಿನಲ್ಲಿ, ಈ ಕೋಣೆಗೆ ಬಂದು ನಿಂತಿದ್ದರೆ ನಿಯಮವನ್ನು ಅಲ್ಲೇ ಹರಿದು ಹಾಕುತ್ತಿದ್ದರು. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು. ಇವರಿಗೆ ಸ್ಟೂಲು ಎತ್ತರ, ಸಿಂಕು ಗಲೀಜು, ಸೂಕ್ಷ್ಮದರ್ಶಕಕ್ಕೆ ಒಂದು ಕಣ್ಣು ಹಚ್ಚಿದರೆ ಎರಡೂ ಮುಚ್ಚಿಕೊಳ್ಳುತ್ತವೆ. ಈರುಳ್ಳಿ ಪೊರೆಯ ಜೀವಕೋಶ ನೋಡಿ ಚಿತ್ರ ಬರೆಯಿರಿ ಅಂದರೆ, ಗಾಜಿನಡಿ ಸಿಕ್ಕಿಕೊಂಡ ಗಾಳಿಗುಳ್ಳೆಯನ್ನು ಬರೆದು, ಬಾಣ ಹಾಕಿ, ಹೆಸರು ಕೊಟ್ಟು, ಬಣ್ಣವನ್ನೂ ತುಂಬುತ್ತಾರೆ. ಒಬ್ಬ ಮಹಾನುಭಾವ ತನ್ನದೇ ರೆಪ್ಪೆಗೂದಲನ್ನು ಬರೆದು ‘ಉದ್ದನೆಯ ಬ್ಯಾಕ್ಟೀರಿಯಾ’ ಅಂದಿದ್ದ.

ಅವರದು ಇನ್ನೊಂದು ಪದ್ಧತಿ ಇತ್ತು. ಮೊದಲು ಫಲಿತಾಂಶ ಬರೆಯುವುದು, ಪುರುಸೊತ್ತಾದರೆ ಆಮೇಲೆ ಪ್ರಯೋಗ ಮಾಡುವುದು. ಹಿಂದಿನ ವರ್ಷದವರು ಬರೆದದ್ದನ್ನು ಈ ವರ್ಷದವರು ನೋಡಿ ಬರೆಯುತ್ತಿದ್ದರು; ಅವರು ಅದರ ಹಿಂದಿನವರನ್ನು ನೋಡಿ ಬರೆದಿದ್ದರು. ಯಾವ ಕಾಲದಲ್ಲೋ ಯಾರೋ ಬಿಸಿನೀರಿನ ಉಷ್ಣತೆಯನ್ನು ತಪ್ಪು ಓದಿದ್ದು ಇಂದಿಗೂ ಎಲ್ಲರ ಪ್ರಯೋಗದಲ್ಲೂ ಚಿರಂಜೀವಿಯಾಗಿತ್ತು. ಮೇಡಂ ಕಂಡೂ ಕಾಣದ ಹಾಗೆ ಸಹಿ ಹಾಕುತ್ತಿದ್ದರು. ಎಲ್ಲರನ್ನೂ ಹಿಡಿದು ಕೂರಿಸಿ ಮತ್ತೆ ಮಾಡಿಸಬೇಕೆಂದರೆ ಮೈಯಲ್ಲಿ ಕಸುವು ಬೇಕು. ಅದು ಯಾವಾಗ ಖಾಲಿಯಾಯಿತು ಎಂದು ಅವರಿಗೇ ಗೊತ್ತಾಗಿರಲಿಲ್ಲ.

ಆ ಗುಂಪಿನಲ್ಲಿ ಒಬ್ಬಳು ಮಾತ್ರ ಬೇರೆ ಥರ. ಅವಳನ್ನು ಎಲ್ಲರೂ ‘ಸ್ಕೇಲು’ ಅನ್ನುತ್ತಿದ್ದರು. ವಾಣಿಜ್ಯದ ವಿದ್ಯಾರ್ಥಿನಿ, ಸಿಟಿ ಬಸ್ಸಿನ ಡ್ರೈವರ್ ಮಗಳು. ಐದು ನಿಮಿಷ ಕಲಕಬೇಕು ಅಂದರೆ ಗಡಿಯಾರ ನೋಡಿಕೊಂಡು ಐದು ನಿಮಿಷ ಕಲಕುವವಳು. ಹನಿ ಎಣಿಸು ಅಂದರೆ ಹನಿ ಎಣಿಸುವವಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ಆ ಕೋಣೆಯಲ್ಲಿ ನಗೆಪಾಟಲಿನ ಸಂಗತಿಯಾಗಿದ್ದರಿಂದ ಅವಳಿಗೆ ಆ ಹೆಸರು ಬಿದ್ದಿತ್ತು. ಅವಳಿಗೆ ಅದರ ಬಗ್ಗೆ ಬೇಜಾರಿದ್ದಂತೆ ಕಾಣುತ್ತಿರಲಿಲ್ಲ.

ಆನುವಂಶಿಕತೆಯ ಪಾಠ ಬಂತು. ಇದು ಮೇಡಂಗೆ ಇಷ್ಟದ ಪಾಠ. ಗಾಜು ಒಡೆಯುವುದಿಲ್ಲ, ಬಣ್ಣ ಚೆಲ್ಲುವುದಿಲ್ಲ, ಸಾಮಾನು ತರಿಸಿ ಎಂದು ಕಚೇರಿಯ ಮುಂದೆ ಹಲ್ಲು ಗಿಂಜಬೇಕಿಲ್ಲ. ಬೇಕಾದದ್ದು ನಾಲಿಗೆ ಒಂದೇ; ಅದನ್ನು ಪ್ರತಿಯೊಬ್ಬರೂ ಮನೆಯಿಂದಲೇ ತಂದಿರುತ್ತಾರೆ, ಸಾಮಾನ್ಯವಾಗಿ ಅಗತ್ಯಕ್ಕಿಂತ ಉದ್ದದ್ದನ್ನೇ. ನಾಲಿಗೆ ಹೊರಚಾಚಿ ಎರಡೂ ಅಂಚನ್ನು ಮೇಲಕ್ಕೆ ಮಡಚಿ ಕೊಳವೆಯ ಹಾಗೆ ಮಾಡಬೇಕು. ಕೆಲವರಿಗೆ ಬರುತ್ತದೆ, ಕೆಲವರಿಗೆ ಎಷ್ಟು ತಿಣುಕಿದರೂ ಬರುವುದಿಲ್ಲ. ಮಡಚುವುದು ಪ್ರಬಲ ಗುಣ, ಅಪ್ಪ ಅಮ್ಮನಲ್ಲಿ ಒಬ್ಬರಿಗಾದರೂ ಇದ್ದರೆ ಮಾತ್ರ ಮಕ್ಕಳಿಗೆ ಬರುತ್ತದೆ, ಇಬ್ಬರಿಗೂ ಬರದಿದ್ದರೆ ಮಕ್ಕಳಿಗೆ ಬರಲು ಸಾಧ್ಯವೇ ಇಲ್ಲ ಎಂದು ಪ್ರಯೋಗದ ಕೈಪಿಡಿಯಲ್ಲಿ ಅಚ್ಚಾಗಿತ್ತು. ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನ ನಾಲಿಗೆ ನೋಡಿ, ಮನೆತನದ ನಕ್ಷೆ ಬರೆದು ತರಬೇಕು. ಪ್ರತಿ ವರ್ಷವೂ ಎಲ್ಲ ಮನೆತನಗಳೂ ಕೈಪಿಡಿ ಹೇಳಿದ ಹಾಗೆ ಚಾಚೂ ತಪ್ಪದೆ ನಡೆದುಕೊಳ್ಳುತ್ತಿದ್ದವು.

ಈ ನಿಯಮ ತಪ್ಪು ಎಂದು ಮೇಡಂ ಬಹಳ ಹಿಂದೆಯೇ ಓದಿದ್ದರು. ನಾಲಿಗೆ ಮಡಚುವುದು ಅಷ್ಟು ಸರಳವಾಗಿ ಅಪ್ಪ ಅಮ್ಮನಿಂದ ಇಳಿದು ಬರುವ ಗುಣವಲ್ಲ ಎಂದು ಸ್ಟಾಫ್ ರೂಮಿನಲ್ಲಿ ಕೂತು ಒಂದು ಪತ್ರಿಕೆಯಲ್ಲಿ ಓದಿ, ಮುಂದಿನ ವರ್ಷ ಈ ಪಾಠ ಬದಲಾಯಿಸಬೇಕು ಅಂದುಕೊಂಡಿದ್ದರು. ಬದಲಾಯಿಸಬೇಕಾದರೆ ಸಭೆ, ಸಭೆಗೆ ಮುಂಚೆ ಅರ್ಜಿ, ಅರ್ಜಿಗೆ ಮುಂಚೆ ಪ್ರಾಂಶುಪಾಲರ ಮುಖ. ನಾಲಿಗೆ ಮಡಚಿದರೆ ಯಾರ ಗಂಟು ಹೋಗುತ್ತದೆ ಎಂದು ಬಿಟ್ಟಿದ್ದರು.

ಅಂದು ಇಡೀ ತರಗತಿ ನಾಲಿಗೆ ಹೊರಹಾಕಿ ಕೂತಿತ್ತು. ಮೇಡಂ ಸಾಲಿನಲ್ಲಿ ನಡೆದುಕೊಂಡು ಹೋದರು. ಸ್ಕೇಲು ಚೆನ್ನಾಗಿ ಮಡಚಿದಳು. ಹಿಂದಿನ ಬೆಂಚಿನಲ್ಲಿ ಅವಳಿ ಹುಡುಗರಿದ್ದರು, ಹೆತ್ತ ತಾಯಿಯೇ ಗುರುತು ಹಿಡಿಯಲು ತಡವರಿಸುವಷ್ಟು ಒಂದೇ ಥರ. ಕಾಲೇಜಿನಲ್ಲಿ ಅವರನ್ನು ಅಚ್ಚು, ಪಡಿಯಚ್ಚು ಎಂದು ಕರೆಯುತ್ತಿದ್ದರು. ಅಚ್ಚು ನಾಲಿಗೆ ಮಡಚಿ ತೋರಿಸಿದ. ಅಷ್ಟರಲ್ಲಿ ಮೇಡಂ ಮೊಣಕಾಲು ಹಿಡಿದುಕೊಂಡಿತು. “ನಿಂದೂ ಅದೇ ತಾನೆ, ಬರ್ಕೋ,” ಎಂದು ಪಡಿಯಚ್ಚಿಗೆ ಹೇಳಿ ಅವರು ಕುರ್ಚಿಗೆ ಮರಳಿದರು.

ಮುಂದಿನ ವಾರ ಎಲ್ಲರೂ ನಕ್ಷೆ ಕೊಟ್ಟರು. ಸ್ಕೇಲು ಕೊಡಲಿಲ್ಲ. ತರಗತಿ ಮುಗಿದು ಉಳಿದವರೆಲ್ಲ ಬಾಗಿಲಿನಲ್ಲಿ ನೂಕಾಡಿಕೊಂಡು ಹೋದ ಮೇಲೆ ಅವಳು ಮೇಜಿನ ಹತ್ತಿರ ಬಂದು ನಿಂತಳು. ಮೇಡಂ ಕೈಚೀಲಕ್ಕೆ ಕನ್ನಡಕ ಹಾಕುತ್ತಿದ್ದರು. ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ಮುಂದಿನದು ತುಂಬಿಕೊಂಡು ಬರುತ್ತದೆ.

“ಮೇಡಂ, ಒಂದು ಕೇಳ್ಲಾ? ಈ ನಾಲಿಗೆ ನಿಯಮಕ್ಕೆ ಎಲ್ಲಾದ್ರೂ ತಪ್ಪಿ ಹೋಗೋದು ಅಂತ ಇರುತ್ತಾ?”

“ಏನು?”

“ಅಪ್ಪ ಅಮ್ಮ ಇಬ್ಬರಿಗೂ ಬರದೆ, ಮಗೂಗೆ ಬರೋದು.”

“ಇಲ್ಲ,” ಅಂದರು ಮೇಡಂ, ಚೀಲದ ಜಿಪ್ಪು ಎಳೆಯುತ್ತಾ. “ಪುಸ್ತಕದಲ್ಲಿ ಇದೆಯಲ್ಲಮ್ಮ, ಅದೇ ಥರ ಬರಿ. ಎಲ್ಲರೂ ಹಾಗೇ ಬರೆದಿದ್ದಾರೆ.”

“ಸರಿ ಮೇಡಂ,” ಅಂದಳು ಹುಡುಗಿ.

ಅಷ್ಟೇ ನಡೆದದ್ದು. ಮೇಡಂಗೆ ಬಸ್ಸು ಸಿಕ್ಕಿತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಅದರ ಮುಂದಿನ ವಾರ ಸ್ಕೇಲು ಬರಲಿಲ್ಲ. ಬಂದವನು ಅವಳ ಅಪ್ಪ. ತರಗತಿ ಬಿಟ್ಟ ಮೇಲೆ, ಡ್ರೈವರ್ ಸಮವಸ್ತ್ರದಲ್ಲೇ ಬಾಗಿಲಲ್ಲಿ ನಿಂತು ಒಳಗೆ ಬರಬಹುದೇ ಎಂದು ಕೇಳಿದ. ಎರಡು ಟ್ರಿಪ್ಪಿನ ನಡುವೆ ಬಂದಿದ್ದ. ಅಂಗಿಯ ಬೆನ್ನು ಸೀಟಿನ ಆಕಾರಕ್ಕೆ ಬೆವೆತು ಅಂಟಿಕೊಂಡಿತ್ತು. ಮೇಡಂ ಸ್ಟೂಲು ತೋರಿಸಿದರು. ಅಷ್ಟು ದೊಡ್ಡ ಆಳು ಆ ಸ್ಟೂಲಿನ ಮೇಲೆ ಕೂತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ.

“ನಾಲಿಗೆ ಪಾಠ ಮಾಡಿದ್ದು ನೀವೇನಾ ಮೇಡಂ?”

“ಹೌದು.”

“ನನ್ನ ಮಗಳು ಹೇಳಿದ್ದನ್ನ ಹೇಳಿದ ಹಾಗೇ ಮಾಡೋಳು. ಮನೇಲಿ ಊಟಕ್ಕೆ ಕೂತಾಗ, ಇದು ಅಪ್ಪ ಅಮ್ಮನಿಂದ್ಲೇ ಬರೋದಂತೆ, ನಾಲಿಗೆ ತೋರಿಸಿ ಅಂದ್ಲು. ತೋರಿಸಿದ್ವಿ. ನನಗೂ ಬರಲಿಲ್ಲ, ಅವಳಮ್ಮನಿಗೂ ಬರಲಿಲ್ಲ. ನಕ್ವಿ. ಅವಳು ನಗಲಿಲ್ಲ. ಒಂದು ವಾರ ಸುಮ್ನಿದ್ಲು. ಆಮೇಲೆ ಮೊನ್ನೆ ಅವಳಮ್ಮನ್ನ ಕೇಳೇಬಿಟ್ಲು, ನಾನು ಯಾರ ಮಗಳು ಅಂತ.”

ಸಿಂಕಿನ ನಲ್ಲಿ ಸೋರುತ್ತಿತ್ತು. ಅದನ್ನು ಸರಿ ಮಾಡಿಸಬೇಕು ಎಂಬ ಯೋಚನೆ ಅವರ ತಲೆಗೆ ಬಂತು, ಬಂದದ್ದಕ್ಕೆ ನಾಚಿಕೆಯಾಯಿತು.

“ನಿನ್ನಪ್ಪನ ಮಗಳು ಅಂದ್ಲು ಅವಳಮ್ಮ. ಪುಸ್ತಕದಲ್ಲಿ ಆಗಲ್ಲ ಅಂತಿದೆ, ಮೇಡಂನೂ ಕೇಳ್ದೆ, ಅವರೂ ಇಲ್ಲ ಅಂದ್ರು ಅಂತ ಇವಳು. ಮಾತಿಗೆ ಮಾತು ಬೆಳೀತು. ಬೆಳಗ್ಗೆ ಎದ್ದು ನೋಡಿದ್ರೆ ನನ್ನ ಹೆಂಡತಿ ಬಟ್ಟೆ ಚೀಲ ತಗೊಂಡು ಅವರಕ್ಕನ ಮನೆಗೆ ಹೊರಟಿದ್ಲು. ಮಗಳು ನನ್ನ ಮುಖ ನೋಡ್ತಾ ಇಲ್ಲ. ತಟ್ಟೆ ತಗೊಂಡು ರೂಮಿಗೆ ಹೋಗ್ತಾಳೆ.” ಅವನು ತೊಡೆಯ ಮೇಲಿನ ಕೈ ನೋಡಿಕೊಂಡ. “ನನಗೇನೂ ಅನುಮಾನ ಇಲ್ಲ ಮೇಡಂ. ಹೆಂಡತಿ ಮೇಲೆ ಕೂದಲೆಳೆಯಷ್ಟೂ ಇಲ್ಲ. ಮಗಳ ಸಮಾಧಾನಕ್ಕೆ ಕೇಳ್ತೀನಿ. ಇದನ್ನ ಕಲಿಯೋಕೆ ಆಗುತ್ತಾ?”

“ಯಾವುದನ್ನ?”

ಅವನು ನಾಲಿಗೆ ಹೊರಹಾಕಿ ತೋರಿಸಿದ. ದಪ್ಪನೆಯ ನಾಲಿಗೆ ನಡುಗುತ್ತಿತ್ತು, ಅಂಚು ಕೊಂಚವೂ ಏಳಲಿಲ್ಲ. ಕಣ್ಣಲ್ಲಿ ನೀರು ಬರುವ ತನಕ ಅವನು ಪ್ರಯತ್ನ ಬಿಡಲಿಲ್ಲ. ಇಷ್ಟು ವರ್ಷದಲ್ಲಿ ಊರಿಗಾಗುವಷ್ಟು ನಾಲಿಗೆ ನೋಡಿದ್ದ ಮೇಡಂ ಈ ಒಂದು ನಾಲಿಗೆಯನ್ನು ನೋಡಲಾರದೆ ಮುಖ ತಿರುಗಿಸಿದರು.

“ಬೇಡ, ಬಿಡಿ,” ಅಂದರು. “ನೀವು ಕಲಿಯಬೇಕಾದದ್ದೇನೂ ಇಲ್ಲ. ಆ ಪಾಠವೇ ತಪ್ಪು. ಅಪ್ಪ ಅಮ್ಮನಿಗೆ ಬರದಿದ್ರೂ ಮಕ್ಕಳಿಗೆ ಬರಬಹುದು. ಎಷ್ಟೋ ಮನೆಗಳಲ್ಲಿ ಇದೆ.”

ಅವನ ಮುಖದಲ್ಲಿ ಏನೋ ಸಡಿಲವಾಯಿತು. ಆಮೇಲೆ ಅವನು ಯೋಚಿಸಿದ. ಯೋಚಿಸಿದ್ದು ಮುಖದಲ್ಲಿ ಕಾಣುತ್ತಿತ್ತು.

“ತಪ್ಪು ಅಂತ ನಿಮಗೆ ಯಾವಾಗ ಗೊತ್ತಾಯ್ತು?”

ಸುಳ್ಳು ಹೇಳಬಹುದಿತ್ತು. ಈಗ ತಾನೇ ಗೊತ್ತಾಯಿತು ಎನ್ನಬಹುದಿತ್ತು. “ಮೊದಲೇ ಗೊತ್ತಿತ್ತು,” ಅಂದರು ಮೇಡಂ.

ಕೂಗಾಡುತ್ತಾನೆ ಎಂದು ಅವರು ಕಾದರು. ಕೂಗಾಡಿದ್ದರೆ ಹಗುರವಾಗುತ್ತಿತ್ತು. ಅವನು ಎದ್ದು ಸ್ಟೂಲನ್ನು ಇದ್ದಲ್ಲಿಗೇ ಸರಿಸಿ ಇಟ್ಟ. “ಅವಳಿಗೆ ನೀವೇ ಹೇಳಿ ಮೇಡಂ. ನಾನು ಹೇಳಿದ್ರೆ ಮನೆ ಉಳಿಸ್ಕೊಳ್ಳೋಕೆ ಹೇಳ್ತಾ ಇದ್ದೀನಿ ಅನ್ಕೋತಾಳೆ. ಮುಂದಿನ ವಾರ ಎಳ್ಕೊಂಡಾದ್ರೂ ಬಂದು ಬಿಟ್ಟು ಹೋಗ್ತೀನಿ,” ಅಂದ. ಹೊರಗೆ ಅವನ ಬೂಟಿನ ಸಪ್ಪಳ ಮೆಟ್ಟಿಲಿಳಿದು ಹೋಯಿತು.

ಮನೆಯಲ್ಲಿ ಮೇಡಂ ಜೊತೆ ಇರುವವರು ಅವರ ಅಕ್ಕ, ನಿವೃತ್ತ ನರ್ಸ್. ಜಗತ್ತಿನ ಅರ್ಧದಷ್ಟು ಜನರನ್ನು ಹುಟ್ಟುವಾಗಲೇ ನೋಡಿದ್ದೇನೆ ಎಂಬ ಗತ್ತು ಆಕೆಗೆ ಇನ್ನೂ ಹೋಗಿರಲಿಲ್ಲ. ಸಂಜೆ ಬಟ್ಟೆ ಮಡಚುತ್ತಾ ಮೇಡಂ ನಡೆದದ್ದನ್ನೆಲ್ಲ ಹೇಳಿದರು.

“ನಾಲಿಗೆ ನೋಡಿ ಅಪ್ಪ ಯಾರು ಅಂತ ಹೇಳೋ ವಿದ್ಯೆ ನಮ್ಮ ಆಸ್ಪತ್ರೆಲಿ ಇರಲಿಲ್ಲಪ್ಪ,” ಅಂದರು ಅಕ್ಕ. “ನಿನಗೆ ಬರುತ್ತಾ, ಎಲ್ಲಿ ಮಡಚು?”

ಮೇಡಂ ಮಡಚಿದರು. ಅಕ್ಕ ಪ್ರಯತ್ನಿಸಿದರು, ಬರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಂದೇ ಸೂರಿನಡಿ ಇಷ್ಟು ಕಾಲ ಬಾಳಿದ್ದರೂ, ವರ್ಷ ವರ್ಷವೂ ಅದೇ ಪಾಠ ಮಾಡಿದ್ದರೂ, ಮೇಡಂ ತಮ್ಮ ಮನೆಯ ನಾಲಿಗೆಯನ್ನೇ ನೋಡಿರಲಿಲ್ಲ.

“ಹೋಗ್ಲಿ, ಯಾಕೆ ಹೇಳಿಕೊಟ್ಟೆ?” ಅಂದರು ಅಕ್ಕ.

“ಸುಸ್ತಾಗಿತ್ತು ಅಕ್ಕಾ.”

ಅಕ್ಕ ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು. ಅಕ್ಕ ಮಾತು ನಿಲ್ಲಿಸಿದರೆ ಬೈದುದಕ್ಕಿಂತ ಹೆಚ್ಚು ಎಂದು ತಂಗಿಗೆ ಚಿಕ್ಕಂದಿನಿಂದಲೂ ಗೊತ್ತಿತ್ತು.

ಆ ವಾರ ಕಳೆದು ಹುಡುಗಿ ಬಂದಳು. ಎಂದೂ ಮುಂದಿನ ಬೆಂಚಿನಲ್ಲಿ ಕೂರುವವಳು ಹಿಂದೆ, ಬೀರುವಿನ ಪಕ್ಕ ಕೂತಳು. ಮೇಡಂ ಬೋರ್ಡಿನ ಕಡೆ ಹೋಗಲಿಲ್ಲ. ಮೇಜಿನ ಮುಂದೆ ಬಂದು ನಿಂತರು.

“ನಾಲಿಗೆ ಪಾಠ ತಪ್ಪು. ಇಬ್ಬರಿಗೂ ಬರದಿದ್ರೆ ಮಕ್ಕಳಿಗೆ ಬರಲ್ಲ ಅಂತ ಹೇಳಿದ್ನಲ್ಲ, ಅದು ಸುಳ್ಳು. ಬರಬಹುದು. ಅದು ತಪ್ಪು ಅಂತ ಗೊತ್ತಿದ್ದೂ ಹೇಳಿದೆ.”

ಕೋಣೆಯಲ್ಲಿ ಗುಸುಗುಸು ಎದ್ದಿತು. ಅಚ್ಚು ಕೈ ಎತ್ತಿದ. “ಹಾಗಾದ್ರೆ ಪರೀಕ್ಷೆಗೆ ಯಾವ್ದು ಮೇಡಂ? ಸುಳ್ಳು ಬರೀಬೇಕಾ, ನಿಜ ಬರೀಬೇಕಾ?”

ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ನಗುವಂಥದ್ದಾಗಿರಲಿಲ್ಲ.

ನಗು ಅಡಗುವ ಮೊದಲೇ ಸ್ಕೇಲು ಎದ್ದು ನಿಂತಳು. “ನಾನು ಕೇಳಿದಾಗ ಇಲ್ಲ ಅಂದ್ರಿ. ಈಗ ಇದೆ ಅಂತೀರಿ. ನಡುವೆ ನಮ್ಮಪ್ಪ ಬಂದು ನಿಮ್ಮನ್ನ ನೋಡಿ ಹೋಗಿದ್ದಾರೆ. ನಾನು ಯಾವ್ದನ್ನ ನಂಬ್ಲಿ ಮೇಡಂ?”

ಸಿಟ್ಟಿನ ದನಿಯಲ್ಲ. ಐದು ನಿಮಿಷವೋ ಆರು ನಿಮಿಷವೋ ಎಂದು ಕೇಳುವ ಅವಳ ಮಾಮೂಲಿ ದನಿ. ತಮ್ಮ ಮಾತಿಗೆ ಈಗ ಮೂರು ಕಾಸಿನ ಬೆಲೆಯಿಲ್ಲ ಎಂದು ಅವರಿಗೆ ಅರ್ಥವಾಯಿತು. ಇನ್ನು ಎಷ್ಟು ಹೇಳಿದರೂ ಅದು ಅಪ್ಪ ಹೇಳಿಕೊಟ್ಟ ಮಾತೇ.

“ಕೂತ್ಕೋ,” ಅಂದರು. ಆಮೇಲೆ ತರಗತಿಯ ಕಡೆ ತಿರುಗಿದರು. “ನಿಜ ಹೇಳಿ. ಯಾರಿಗೂ ಅಂಕ ಕಡಿಮೆ ಮಾಡಲ್ಲ. ಮನೆಗೆ ಹೋಗಿ ಅಪ್ಪ ಅಮ್ಮನ ನಾಲಿಗೆ ನಿಜವಾಗಿ ನೋಡಿದೋರು ಯಾರು?”

ಒಂದು ಕೈಯೂ ಏಳಲಿಲ್ಲ. ಬೀರುವಿನ ಪಕ್ಕದ ಹುಡುಗಿ ಕೈ ಎತ್ತುವ ಅಗತ್ಯವಿರಲಿಲ್ಲ.

“ಮತ್ತೆ ನಕ್ಷೆ?”

“ಹೋದ ವರ್ಷದ್ದು ಮೇಡಂ,” ಅಂದಿತು ಯಾವುದೋ ದನಿ. ಹೋದ ವರ್ಷದವರದು ಅದರ ಹಿಂದಿನ ವರ್ಷದ್ದು. ಯಾವ ಕಾಲದ್ದೋ ಒಂದು ಕುಟುಂಬ, ಇದ್ದದ್ದೋ ಇಲ್ಲದ್ದೋ, ಅಷ್ಟು ವರ್ಷ ಎಲ್ಲರಿಗೂ ಅಪ್ಪ ಅಮ್ಮನಾಗಿ ನಿಂತಿತ್ತು. ಎಲ್ಲರ ಮನೆತನವೂ ನಿಯಮಕ್ಕೆ ಬಗ್ಗಿದ್ದು ಅದಕ್ಕೇ. ಹೇಳಿದ ಹಾಗೆ ಮನೆಗೆ ಹೋಗಿ ನೋಡಿದವಳು ಒಬ್ಬಳೇ, ಪೆಟ್ಟು ಬಿದ್ದದ್ದೂ ಅವಳೊಬ್ಬಳಿಗೇ.

“ಫೋನ್ ತೆಗೀರಿ,” ಅಂದರು ಮೇಡಂ. ತರಗತಿಯಲ್ಲಿ ಫೋನ್ ಕಂಡರೆ ಕಿತ್ತಿಡುವ ಮೇಡಂ ಬಾಯಲ್ಲಿ ಈ ಮಾತು ಕೇಳಿ ಮಕ್ಕಳು ಮೊದಲು ನಂಬಲಿಲ್ಲ. “ಮನೆಗೆ ಫೋನ್ ಮಾಡಿ. ಮುಖ ಕಾಣೋ ಥರ ಮಾಡಿ. ನಾಲಿಗೆ ತೋರಿಸೋಕೆ ಹೇಳಿ.”

ಆ ಕೋಣೆ ಅಂಥ ಗದ್ದಲವನ್ನು ಯಾವತ್ತೂ ಕಂಡಿರಲಿಲ್ಲ. ಅಂಗಡಿಯಲ್ಲಿದ್ದ ಒಬ್ಬಳ ಅಮ್ಮ ಗಿರಾಕಿಗಳ ಮುಂದೆ ಆಗಲ್ಲ ಎಂದು ಗೋಡೆಗೆ ತಿರುಗಿ ತೋರಿಸಿದಳು. ಒಬ್ಬನ ಅಪ್ಪ, ಇದಕ್ಕಾ ನಿನ್ನನ್ನ ಕಾಲೇಜಿಗೆ ಕಳಿಸಿದ್ದು, ಎಂದು ಬೈದು, ಬೈಯುತ್ತಲೇ ಮಡಚಿದ. ಇತಿಹಾಸ ಓದುವ ಹುಡುಗಿಯೊಬ್ಬಳು ಫೋನ್ ಇಟ್ಟು, “ಮೇಡಂ, ನಮ್ಮನೇಲೂ ಇಬ್ಬರಿಗೂ ಬರಲ್ಲ, ನನಗೆ ಬರುತ್ತೆ,” ಅಂದಳು. ಅವಳು ನಗುತ್ತಲೇ ಹೇಳಿದಳು. ಸ್ಕೇಲು ಅವಳನ್ನೇ ನೋಡಿದಳು. ಇನ್ನೊಬ್ಬನೂ ಅದನ್ನೇ ಹೇಳಿದ. ಆದರೆ ಮನೆಮನೆಯಲ್ಲೂ ಗುಟ್ಟಿರಬಹುದಲ್ಲ ಎಂಬ ಸಂಶಯ ಹುಡುಗಿಯ ಮುಖದಲ್ಲಿ ಹಾಗೇ ಇತ್ತು, ಮೇಡಂ ಅದನ್ನು ಕಂಡರು.

“ಈಗ ನಿಮ್ಮದು,” ಎಂದು ಅವರು ಮೊದಲ ಬೆಂಚಿನಿಂದ ಶುರುಮಾಡಿದರು. ಈ ಸಲ ಒಬ್ಬೊಬ್ಬರ ಮುಂದೆ ನಿಂತು, ಕನ್ನಡಕ ಹಾಕಿಕೊಂಡು, ನಿಜವಾಗಿ ನೋಡಿದರು. ಮೊಣಕಾಲು ಅದರ ಪಾಡಿಗೆ ಅದು ನೋಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಅಚ್ಚು ಮಡಚಿದ. ಪಡಿಯಚ್ಚು ನಾಲಿಗೆ ಹೊರಹಾಕಿ ಸುಮ್ಮನೆ ಕೂತ.

“ಮಡಚು.”

“ಬರಲ್ಲ ಮೇಡಂ.”

“ಮತ್ತೆ ಬರುತ್ತೆ ಅಂತ ಬರೆದಿದ್ದೀಯ?”

“ಇವನದನ್ನೇ ಬರ್ಕೊಂಡೆ ಮೇಡಂ. ನೀವೇ ಅಂದ್ರಲ್ಲ, ನಿಂದೂ ಅದೇ ತಾನೆ ಅಂತ.”

ಮೇಡಂ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. ಬೀರುವಿನ ಪಕ್ಕದಲ್ಲಿದ್ದ ಹುಡುಗಿ ಆಗಲೇ ಎದ್ದು ಬಂದಿದ್ದಳು. “ಇನ್ನೊಂದ್ಸಲ ಮಾಡು,” ಅಂದಳು ಪಡಿಯಚ್ಚಿಗೆ. ಅವನು ಮಾಡಿದ. “ಇನ್ನೊಂದ್ಸಲ.” ಅವಳು ಬಗ್ಗಿ ಅವನ ನಾಲಿಗೆ ನೋಡಿದಳು, ಆಮೇಲೆ ಅವನ ಅಣ್ಣನದು ನೋಡಿದಳು, ಮತ್ತೆ ಇವನದು ನೋಡಿದಳು. ಪಾಪದ ಹುಡುಗ ತಿಣುಕಿ ತಿಣುಕಿ ಕೆಂಪಾದ. ಯಾರೂ ನಗಲಿಲ್ಲ.

“ನೀವಿಬ್ಬರೂ ಒಂದೇ ಅಂಡದಿಂದ ಹುಟ್ಟಿದೋರಾ?” ಎಂದು ಕೇಳಿದಳು.

“ಡಾಕ್ಟ್ರು ಹಾಗೇ ಹೇಳಿದ್ರಂತೆ,” ಅಂದ ಅಚ್ಚು.

“ಅಪ್ಪ ಅಮ್ಮನಿಂದ ಇವರಿಬ್ಬರಿಗೂ ಬಂದದ್ದು ಒಂದೇ,” ಅಂದರು ಮೇಡಂ ನಿಧಾನವಾಗಿ. “ಒಂಚೂರೂ ವ್ಯತ್ಯಾಸ ಇಲ್ಲ. ನಿಯಮ ನಿಜ ಆಗಿದ್ರೆ ಇಬ್ಬರಿಗೂ ಬರಬೇಕಿತ್ತು, ಇಲ್ಲ ಇಬ್ಬರಿಗೂ ಬರಬಾರದಿತ್ತು. ಇದನ್ನ ನಾನು ಹೇಳ್ತಾ ಇಲ್ಲಮ್ಮ. ನೀನೇ ನೋಡಿದ್ದೀಯ.”

ಹುಡುಗಿ ಇನ್ನೊಮ್ಮೆ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಕಾಲೇಜು ಸೇರಿದಾಗಿನಿಂದ ಅವಳನ್ನು ಆಡಿಕೊಂಡು ನಗುತ್ತಿದ್ದ ಅಚ್ಚು ತನ್ನ ನೀರಿನ ಬಾಟಲಿ ಮುಂದೆ ಚಾಚಿದ. ಅದರಲ್ಲಿ ನೀರಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಮೇಜಿನ ಹತ್ತಿರ ಬಂದಳು. “ಮೇಡಂ, ನೀವು ನನ್ ಜೊತೆ ದೊಡ್ಡಮ್ಮನ ಮನೆಗೆ ಬರ್ತೀರಾ? ನಾನೊಬ್ಬಳೇ ಹೋದ್ರೆ ಅಮ್ಮ ಮಾತಾಡಲ್ಲ.”

ಬರುವುದಿಲ್ಲ ಎನ್ನಲು ಮೇಡಂ ಹತ್ತಿರ ಬೇಕಾದಷ್ಟು ಕಾರಣಗಳಿದ್ದವು. ಮೊಣಕಾಲು ಒಂದೇ ಸಾಕಿತ್ತು. ಅವರು ಚೀಲ ತೆಗೆದುಕೊಂಡು ಹೊರಟರು. ನಿಜ ಹೇಳಬೇಕೆಂದರೆ ದಾರಿಯುದ್ದಕ್ಕೂ ಅವರ ಮನಸ್ಸಿನಲ್ಲಿ ಕೊಂಚ ಹಗುರವಿತ್ತು. ಕೆಡಿಸಿದ್ದನ್ನು ತಾನೇ ಸರಿ ಮಾಡಿದೆ, ಇನ್ನೊಂದು ಮೆಟ್ಟಿಲು ಹತ್ತಿದರೆ ಮುಗಿಯಿತು, ಆ ಮೇಲೆ ಮನೆಗೆ ಹೋಗಿ ಕಾಲು ಚಾಚಬಹುದು.

ದೊಡ್ಡಮ್ಮ ಬಟ್ಟೆ ಹೊಲಿಯುವವಳು. ಬೀದಿಗೆ ತೆರೆದ ಕೋಣೆ, ಎರಡು ಹೊಲಿಗೆ ಯಂತ್ರ, ಗೋಡೆಯ ತುಂಬ ಶಾಲೆಯ ಸಮವಸ್ತ್ರಗಳು, ನೆಲದ ತುಂಬ ಬಟ್ಟೆಯ ಚೂರು. ದೊಡ್ಡಮ್ಮ ಇವರನ್ನು ನೋಡಿ ಯಂತ್ರ ನಿಲ್ಲಿಸಿ, ಟೀ ಮಾಡುತ್ತೇನೆಂದು ಒಳಗೆ ಹೋದಳು. ಹುಡುಗಿಯ ಅಮ್ಮ ಕಿಟಕಿಯ ಕೆಳಗೆ ಕೂತು ಪ್ಯಾಂಟಿನ ಅಂಚು ಹೊಲಿಯುತ್ತಿದ್ದಳು. ತೆಳ್ಳನೆಯ ಹೆಂಗಸು, ಮಗಳದೇ ಹಣೆ. ಕುರ್ಚಿ ಎಳೆದು ಮೇಡಂಗೆ ಕೊಟ್ಟು, ಮಗಳ ಕಡೆ ನೋಡದೆ ಮತ್ತೆ ಸೂಜಿ ಹಿಡಿದಳು.

ಮೇಡಂ ಹೇಳಿದರು. ಕೈಪಿಡಿಯ ತಪ್ಪು, ತನ್ನ ತಪ್ಪು, ಬಸ್ಸಿಗೆ ಓಡುವ ಅವಸರದಲ್ಲಿ ಇಲ್ಲ ಅಂದದ್ದು, ಹಳೆಯ ನಕ್ಷೆಗಳು, ಫೋನುಗಳು, ಕೊನೆಗೆ ಅವಳಿ ಹುಡುಗರು. ಎಷ್ಟೋ ವರ್ಷದಿಂದ ಅವರು ಅಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ. ಪಡಿಯಚ್ಚಿನ ಮಾತು ಬಂದಾಗ ಬಾಗಿಲಲ್ಲಿ ನಿಂತಿದ್ದ ಹುಡುಗಿಗೂ ಸಣ್ಣ ನಗು ಬಂತು. ಎಲ್ಲ ಮುಗಿಸಿ ಮೇಡಂ ಆ ಹೆಂಗಸಿನ ಮುಖ ನೋಡಿದರು.

ಅವಳು ದಾರ ಕಚ್ಚಿ ತುಂಡು ಮಾಡಿದಳು. “ನನಗಿದು ಗೊತ್ತಿತ್ತಲ್ಲ ಮೇಡಂ,” ಅಂದಳು.

ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

“ನೀವು ಇಷ್ಟು ದೂರ ಬಂದಿರಿ, ದೊಡ್ಡ ಉಪಕಾರ. ಆದ್ರೆ ನೀವು ಹೇಳಿದ್ದು ನನಗೆ ಹೊಸದಲ್ಲ. ನನ್ನ ಮಗಳು ಯಾರ ಮಗಳು ಅಂತ ನನಗೆ ಗೊತ್ತಿಲ್ವಾ?”

“ನಿಮ್ಮ ಮನೆಯವರಿಗೂ ಅನುಮಾನ ಇರಲಿಲ್ಲ,” ಅಂದರು ಮೇಡಂ. “ನನ್ನ ಹತ್ತಿರ ಬಂದಿದ್ರು. ಕೂದಲೆಳೆಯಷ್ಟೂ ಇಲ್ಲ ಅಂದ್ರು. ಮಗಳ ಸಮಾಧಾನಕ್ಕೆ ಅಂತ ನಾಲಿಗೆ ಮಡಚೋದು ಕಲಿಯೋಕೆ ಆಗುತ್ತಾ ಅಂತ ಕೇಳಿದ್ರು.”

“ಮಗಳ ಸಮಾಧಾನಕ್ಕಾ.” ಅವಳು ಪ್ಯಾಂಟನ್ನು ತಿರುವಿ ಇನ್ನೊಂದು ಕಾಲಿನ ಅಂಚು ಹಿಡಿದಳು. “ಇವಳು ನನ್ನನ್ನ ಕೇಳೋಕೆ ಮುಂಚೆ, ಸುಮ್ನಿದ್ದ ಆ ವಾರದಲ್ಲೇ, ಅವರು ಬಚ್ಚಲುಮನೆ ಕನ್ನಡಿ ಮುಂದೆ ನಿಂತು ಅದನ್ನ ಮಾಡ್ತಿದ್ರು. ಬಾಗಿಲಿನ ಸಂದಿನಲ್ಲಿ ನೋಡ್ದೆ. ಅಷ್ಟು ಹೊತ್ತಿಗೆ ಮಗಳು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಯಾರ ಸಮಾಧಾನಕ್ಕೆ ಮಾಡ್ತಿದ್ರು ಹೇಳಿ.”

ಒಳಗೆ ಟೀ ಕುದಿಯುವ ಸದ್ದು ಕೇಳುತ್ತಿತ್ತು. ಸ್ಟೂಲಿನ ಮೇಲೆ ಕೂತು ನಾಲಿಗೆ ಚಾಚಿದ್ದ ಆ ದೊಡ್ಡ ಆಳು ಮೇಡಂ ಕಣ್ಣ ಮುಂದೆ ಬಂದ. ಅವನ ಕಣ್ಣಲ್ಲಿ ನೀರು ಬಂದದ್ದು ಯಾಕೆಂದು ತನಗೆ ಗೊತ್ತು ಅಂದುಕೊಂಡಿದ್ದರು.

“ನೀವು ಮನೆಗೆ ಹೋಗ್ತೀರಲ್ಲ?” ಅಂದರು. ಅವರ ದನಿ ಅವರಿಗೇ ಸಣ್ಣದಾಗಿ ಕೇಳಿಸಿತು.

“ಹೋಗ್ತೀನಿ. ಅದು ನನ್ನ ಮನೆ, ಹೋಗದೆ ಏನ್ಮಾಡ್ಲಿ. ಅವರೂ ಒಳ್ಳೆಯವರೇ. ನಾಳೆ ಹೋದ್ರೆ ಖುಷಿಯಾಗ್ತಾರೆ, ಎಲ್ಲ ಸರಿಹೋಯ್ತು ಅಂತಾರೆ.” ಅವಳು ಸೂಜಿ ಚುಚ್ಚಿದಳು, ಎಳೆದಳು. “ಬೇಜಾರು ಮಾಡ್ಕೋಬೇಡಿ ಮೇಡಂ, ಒಂದು ಹೇಳ್ತೀನಿ. ಇಷ್ಟು ವರ್ಷ ಅವರು ನನ್ನನ್ನ ನಂಬಿದ್ದು ನನ್ನ ಮುಖ ನೋಡಿ. ಇನ್ಮೇಲೆ ನಂಬೋದು ಯಾರೋ ಇಬ್ಬರು ಹುಡುಗರ ನಾಲಿಗೆ ನೋಡಿ. ಅದನ್ನ ನೀವು ಸರಿ ಮಾಡೋಕಾಗಲ್ಲ.”

ದೊಡ್ಡಮ್ಮ ಟೀ ತಂದಿಟ್ಟಳು. ಯಾರೂ ಲೋಟ ಮುಟ್ಟಲಿಲ್ಲ. ಮೇಡಂ ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಎಂದು ಆಗಲೇ ಹೇಳಿಯಾಗಿತ್ತು, ಇನ್ನೊಮ್ಮೆ ಹೇಳಿದರೆ ಅದು ಹೆಚ್ಚಾಗುವುದಿಲ್ಲ. ಅವರಿಗೆ ಬಹಳ ಆಯಾಸವಾಯಿತು. ಕುರ್ಚಿಯಿಂದ ಏಳುವುದೇ ದೊಡ್ಡ ಕೆಲಸ ಅನ್ನಿಸಿತು.

ಹುಡುಗಿ ಬಾಗಿಲು ಬಿಟ್ಟು ಬಂದು ಅಮ್ಮನ ಮುಂದೆ ನೆಲದ ಮೇಲೆ, ಬಟ್ಟೆಯ ಚೂರುಗಳ ನಡುವೆ ಕೂತಳು.

“ತಪ್ಪಾಯ್ತಮ್ಮ. ಬೇರೆ ಯಾರನ್ನೂ ಕೇಳ್ದೆ ನಿನ್ನನ್ನ ಕೇಳ್ಬೇಕಿತ್ತು ನಾನು.”

ಅಮ್ಮ ಮೊದಲ ಸಲ ಮಗಳ ಮುಖ ನೋಡಿದಳು.

“ನೀನು ಕೇಳಿದ್ದೆ ಕಣೆ,” ಅಂದಳು. “ನಾನು ಹೇಳಿದ್ದೆ ಕೂಡ.”